ಎಣಿಕೆಯಲ್ಲಿ ಕಡಿಮೆಯಾದವರ ಬಿನ್ನಹ: ಬುಕ್ಕರಾಯನ ಶಾಸನದಿಂದ ಬೆಂಗಳೂರು ಉತ್ತರ ಕ್ಷೇತ್ರದವರೆಗೆ

ಒಂದು ರಾಜ್ಯದ ನ್ಯಾಯಪರತೆಯನ್ನು ಅಳೆಯುವಾಗ ಅದು ಬಹುಜನರ ಮಾತನ್ನು ಎಷ್ಟು ಗೌರವಿಸಿತೆಂದು ಕೇಳಿದರೆ ಸಾಲದು. ಬಹುಜನರ ಮಾತಿಗೆ ಅದರದೇ ಆದ ಬಲವಿರುತ್ತದೆ. ಎಣಿಕೆಯಲ್ಲಿ ಕಡಿಮೆಯಾದವರು ಬಿನ್ನಹ ಮಾಡಿಕೊಂಡಾಗ ಆಳುವವರು ಅದನ್ನು ಆಲಿಸಿದರೇ, ಆಲಿಸಿದ್ದನ್ನು ಬರೆದಿಟ್ಟರೇ, ಬರೆದಿಟ್ಟದ್ದನ್ನು ನಡೆಸಿಕೊಟ್ಟರೇ ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ. ಕರ್ನಾಟಕದ ಜೈನ ಸಮಾಜಕ್ಕೆ ಈ ಪ್ರಶ್ನೆಗಳು ಹೊಸವಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ ಜೈನರ ಸಂಖ್ಯೆ 4,40,280; ಒಟ್ಟು ಜನಸಂಖ್ಯೆಯಲ್ಲಿ ಇದು ಶೇಕಡಾ 0.72 ಮಾತ್ರ. ನೂರಕ್ಕೆ ಒಬ್ಬರಂತೆಯೂ ಇಲ್ಲದ ಒಂದು ಸಮಾಜದ ಮಾತು ರಾಜ್ಯಭಾರದಲ್ಲಿ ಹೇಗೆ ಕೇಳಿಬಂದಿತು, ಎಲ್ಲಿ ಕೇಳದೆ ಹೋಯಿತು ಎಂಬುದನ್ನು ಚರಿತ್ರೆಯ ಆಧಾರದಿಂದ ಪರಿಶೀಲಿಸುವುದು ಉಚಿತವಾಗಿದೆ.

ಈ ನಾಡಿನಲ್ಲಿ ಜೈನರು ಸದಾ ಅಲ್ಪಸಂಖ್ಯಾತರಂತೆ ನಿಂತು ಬೇಡಿದವರಲ್ಲ. ಬೆಂಗಳೂರಿನ ಉತ್ತರ ಭಾಗದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲಿನ ಶಾಸನವು ಸುಮಾರು ಕ್ರಿ.ಶ. 750ರದು. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ ಪೆರ್ಬ್ಬೊಳಲ್ ನಾಡಿಗಾಗಿ ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನನ್ನು ಅದು ಸ್ಮರಿಸುತ್ತದೆ. ಇಂದು ಮೇಲ್ಸೇತುವೆಗಳೂ ಬಹುಮಹಡಿ ಕಟ್ಟಡಗಳೂ ತುಂಬಿರುವ ಈ ಪ್ರದೇಶವು ಅಂದು ಗಂಗವಾಡಿಗೆ ಸೇರಿದ ನೆಲವಾಗಿತ್ತು. ಆ ಗಂಗರ ರಾಜ್ಯವು ಸಿಂಹನಂದಿ ಆಚಾರ್ಯರ ಅನುಗ್ರಹದಿಂದ ಸ್ಥಾಪಿತವಾಯಿತೆಂಬುದು ಜೈನ ಪರಂಪರೆಯ ನಂಬಿಕೆ. ಗಂಗ ರಾಚಮಲ್ಲನ ಮಂತ್ರಿ ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದನು; ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಅನೇಕ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದನು. ಮಂತ್ರಿಯೂ ದಂಡನಾಯಕನೂ ತಮ್ಮವರೇ ಆಗಿದ್ದ ಕಾಲದಲ್ಲಿ ಪ್ರಾತಿನಿಧ್ಯದ ಪ್ರಶ್ನೆಯೇ ಏಳುವುದಿಲ್ಲ. ಅಂಥ ಸಾಮೀಪ್ಯವು ತಪ್ಪಿದ ದಿನ ಒಂದು ಸಮಾಜಕ್ಕೆ ಯಾವ ರಕ್ಷೆ ಉಳಿಯುತ್ತದೆಂಬುದು ಮುಂದಿನ ಚರಿತ್ರೆಯಿಂದ ತಿಳಿಯುತ್ತದೆ.

ಹನ್ನೆರಡನೆಯ ಶತಮಾನದ ಅನಂತರ ರಾಜಾಶ್ರಯವು ಬೇರೆ ಮತಗಳ ಕಡೆಗೆ ಹರಿಯಿತು. ವಿಜಯನಗರದ ಆರಂಭದ ದಿನಗಳ ವೇಳೆಗೆ ಜೈನರು ತಮ್ಮ ಪೂಜಾ ಮರ್ಯಾದೆಗಳಿಗಾಗಿ ಅರಸನ ಬಾಗಿಲಿಗೆ ಹೋಗಬೇಕಾಯಿತು. ಶ್ರವಣಬೆಳಗೊಳದ ಭಂಡಾರಬಸದಿಯ ಬಳಿಯಿರುವ ಶಕ 1290, ಅಂದರೆ ಕ್ರಿ.ಶ. 1368ರ ಶಾಸನವು ಈ ಸಂಗತಿಯ ಸಾಕ್ಷಿ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸಮಸ್ತ ನಾಡುಗಳ ಭವ್ಯಜನರು ಒಟ್ಟಾಗಿ ಬುಕ್ಕರಾಯನಲ್ಲಿಗೆ ಹೋಗಿ, ಭಕ್ತರೆಂದು ಕರೆಯಲ್ಪಡುವ ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬಿನ್ನಹ ಮಾಡಿದರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆ ಮೊದಲಾದ ಕ್ಷೇತ್ರಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಮುಂದಿಟ್ಟುಕೊಂಡು, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ಒಪ್ಪಿಸಿದನು. ಎರಡು ದರ್ಶನಗಳಲ್ಲಿ ಭೇದವೆಣಿಸಬಾರದೆಂದೂ, ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲುವುವೆಂದೂ ನಿರ್ಣಯಿಸಿದನು. ಈ ನಿರ್ಣಯವನ್ನು ನಾಡಿನ ಬಸದಿಗಳಲ್ಲೆಲ್ಲ ಶಾಸನವಾಗಿ ನಿಲ್ಲಿಸುವ ಹೊಣೆಯನ್ನು ಶ್ರೀವೈಷ್ಣವರಿಗೇ ವಹಿಸಿದನು. ಬೆಂಗಳೂರಿಗೆ ಸಮೀಪದ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೇ ನಿರ್ಣಯದ ಶಾಸನ ದೊರೆತಿದೆ. ಬಿನ್ನಹ ಮಾಡಿದವರ ಊರುಗಳಲ್ಲಿ ಹೆಸರಿಸಲ್ಪಟ್ಟ ಕಲ್ಲೆಹವೇ ಈ ಕಲ್ಯ.

ಈ ಶಾಸನವನ್ನು ಮತಸೌಹಾರ್ದದ ನಿದರ್ಶನವೆಂದು ಕೊಂಡಾಡುವುದು ವಾಡಿಕೆ. ಆ ಕೀರ್ತಿಗೆ ಅದು ಅರ್ಹವಾದದ್ದೇ. ಆದರೆ ರಾಜ್ಯನೀತಿಯ ದೃಷ್ಟಿಯಿಂದ ಗಮನಿಸಬೇಕಾದ ಅಂಶಗಳು ಇನ್ನೂ ಇವೆ. ಬಿನ್ನಹವು ಒಂದು ಊರಿನದಾಗಿರದೆ ಎಲ್ಲ ನಾಡುಗಳ ಜೈನರದಾಗಿತ್ತು. ಚದುರಿದ ಸಮಾಜವು ಒಂದೇ ಧ್ವನಿಯಿಂದ ಮಾತನಾಡಿದ್ದರಿಂದ ಅರಸನಿಗೆ ಅದನ್ನು ಕೇಳುವುದು ಅನಿವಾರ್ಯವಾಯಿತು. ತೀರ್ಪು ಉಭಯ ಪಕ್ಷಗಳ ಎದುರಿನಲ್ಲಿ ಆಯಿತು. ಅದನ್ನು ಕಲ್ಲಿನ ಮೇಲೆ ಬರೆಯಲಾಯಿತು, ಪಾಲಿಸುವ ಹೊಣೆ ಬಲವುಳ್ಳವರ ಮೇಲೆ ಬಿತ್ತು. ಇದರೊಡನೆ ಮತ್ತೊಂದು ಸಂಗತಿಯೂ ಅಲ್ಲಿದೆ. ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಆ ದ್ರವ್ಯದಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಮಂದಿಯನ್ನು ಇರಿಸಬೇಕು, ಉಳಿದುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ಶಾಸನವು ವಿಧಿಸುತ್ತದೆ. ಹಣವನ್ನು ಎತ್ತಿ ವಿನಿಯೋಗಿಸುವ ಅಧಿಕಾರವು ತಿರುಮಲೆಯ ತಾತಯ್ಯನದು. ರಕ್ಷಣೆ ದೊರೆಯಿತು, ಆದರೆ ರಕ್ಷಣೆಯ ವೆಚ್ಚವನ್ನು ರಕ್ಷಿತರೇ ತೆತ್ತರು, ಅದರ ಆಡಳಿತವು ಬೇರೆಯವರ ಕೈಯಲ್ಲಿತ್ತು. ಅಹವಾಲು ಹೇಳುವ ಹಕ್ಕಿಗೂ ನಿರ್ಣಯದಲ್ಲಿ ಪಾಲುಗೊಳ್ಳುವ ಹಕ್ಕಿಗೂ ಇರುವ ಅಂತರವು ಇಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ.

ಆ ಎರಡನೆಯ ಹಕ್ಕಿನ ಮಾತು ಮೈಸೂರು ಸಂಸ್ಥಾನದಲ್ಲಿ ಐನೂರು ವರ್ಷಗಳ ಅನಂತರ ಮೊದಲಾಯಿತು. ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಮರಳಿದ 1881ರಲ್ಲಿಯೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಆ ವರ್ಷದ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಸೇರಿದ ಮೊದಲ ಸಭೆಗೆ 144 ಮಂದಿ ಬಂದಿದ್ದರು. ಕಾನೂನು ಮಾಡುವ ಅಧಿಕಾರ ಸಭೆಗೆ ಇರಲಿಲ್ಲ; ವರ್ಷದ ಆದಾಯ ವೆಚ್ಚಗಳ ವಿವರವನ್ನು ದಿವಾನರಿಂದ ಕೇಳಿ, ತಮ್ಮ ತಾಲ್ಲೂಕಿನ ಕುಂದುಕೊರತೆಗಳನ್ನು ನಿವೇದಿಸಿಕೊಳ್ಳುವುದಷ್ಟೇ ಸದಸ್ಯರ ಕೆಲಸ. ಸದಸ್ಯರನ್ನು ಆರಿಸಿದ್ದು ಭೂಮಿ ಮತ್ತು ವ್ಯಾಪಾರಗಳ ಆಧಾರದ ಮೇಲೆ. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಸಣ್ಣ ಸಮಾಜವೊಂದರ ಸಿರಿವಂತ ವರ್ತಕನಿಗೆ ಬಾಗಿಲು ತೆರೆಯಬಹುದಾಗಿತ್ತು. ಅದೇ ಸಮಾಜದ ಬಡ ಒಕ್ಕಲಿಗನಿಗಾಗಲಿ, ಊರ ಹೊರಗಿನ ಕೇರಿಯವನಿಗಾಗಲಿ ಆ ಬಾಗಿಲು ತೆರೆಯುವಂತಿರಲಿಲ್ಲ. 1891ರಿಂದ ಚುನಾವಣೆಯ ಕ್ರಮ ಬಂದಾಗಲೂ ಮತಾಧಿಕಾರವು ಆಸ್ತಿ ಮತ್ತು ವಿದ್ಯೆಗಳನ್ನು ಅವಲಂಬಿಸಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಏರ್ಪಟ್ಟಿತು.

ಸರ್ಕಾರಿ ಹುದ್ದೆಗಳಲ್ಲಿ ಒಂದೇ ವರ್ಗದವರ ಪ್ರಾಬಲ್ಯವಿದೆಯೆಂಬ ಅಸಮಾಧಾನವು ಈ ನಡುವೆ ಬೆಳೆಯಿತು. 1917ರಲ್ಲಿ ಪ್ರಜಾಮಿತ್ರ ಮಂಡಳಿಯು ಹುಟ್ಟಿತು. ಒಕ್ಕಲಿಗ ಮತ್ತು ಲಿಂಗಾಯತ ಮುಖಂಡರ ಜೊತೆಗೆ ಮುಸಲ್ಮಾನ ಮುಖಂಡರೂ ಇದರಲ್ಲಿದ್ದರು. ಮಂಡಳಿಯವರ ಬಿನ್ನಹದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಸಮಿತಿಯ ವರದಿಯನ್ನು ಅನುಸರಿಸಿ 1921ರಲ್ಲಿ ಹೊರಟ ಆಜ್ಞೆಯು, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು ಹಿಂದುಳಿದ ಸಮುದಾಯಗಳವರಿಗೆ ದೊರೆಯುವಂತೆ ನೋಡಿಕೊಳ್ಳಬೇಕೆಂದು ಗುರಿಯನ್ನಿಟ್ಟಿತು. ಆಚಾರ್ಯ ಬ್ರಜೇಂದ್ರನಾಥ ಸೀಲ್ ಅವರ ಸಮಿತಿಯ ಸಲಹೆಗಳ ಮೇಲೆ 1923ರಲ್ಲಿ ಎರಡೂ ಸಭೆಗಳು ಸುಧಾರಣೆ ಹೊಂದಿದವು. ಬ್ರಿಟಿಷ್ ಇಂಡಿಯಾದಲ್ಲಿ ಆಗ ನಡೆಯುತ್ತಿದ್ದಂತೆ ಪ್ರತಿಯೊಂದು ಮತದವರಿಗೂ ಪ್ರತ್ಯೇಕ ಮತದಾರರ ಪಟ್ಟಿಯನ್ನು ಮಾಡುವುದು ಆ ಸಮಿತಿಗೆ ಸಮ್ಮತವಾಗಲಿಲ್ಲ. ಅಲ್ಪಸಂಖ್ಯಾತರು ತಮ್ಮ ಮಾನ್ಯತೆ ಪಡೆದ ಸಂಘಗಳ ಮೂಲಕ ಪ್ರಾತಿನಿಧ್ಯ ಪಡೆಯುವುದು ಅದು ಸೂಚಿಸಿದ ಮಾರ್ಗ. ಜನರನ್ನು ಒಡೆಯದೆ ಸಣ್ಣವರಿಗೆ ಸ್ಥಾನ ಕೊಡಬೇಕೆಂಬ ವಿವೇಕವು ಇದರಲ್ಲಿತ್ತು. ಆದರೆ ಸಂಘವೇ ಇಲ್ಲದ, ಸಂಘ ಕಟ್ಟುವ ವಿದ್ಯೆಯಾಗಲಿ ಬಿಡುವಾಗಲಿ ಇಲ್ಲದ ಜನಕ್ಕೆ ಈ ಮಾರ್ಗದಿಂದ ಆಗುವ ಪ್ರಯೋಜನ ಅಲ್ಪ.

ಸ್ವಾತಂತ್ರ್ಯವು ಬಂದಾಗ ಇದೇ ಪ್ರಶ್ನೆಯು ಇಡೀ ದೇಶದ ಪ್ರಶ್ನೆಯಾಯಿತು. ಸಂವಿಧಾನ ಸಭೆಯಲ್ಲಿ ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿಯು 1947ರಲ್ಲಿ ಪ್ರತ್ಯೇಕ ಮತದಾರ ಮಂಡಲಗಳನ್ನು ತಳ್ಳಿಹಾಕಿ, ಕೆಲವು ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನಗಳನ್ನು ಮಾತ್ರ ಒಪ್ಪಿತ್ತು. 1949ರ ಮೇ ತಿಂಗಳಿನಲ್ಲಿ ಮತಾಧಾರದ ಆ ಮೀಸಲಾತಿಯನ್ನೂ ಕೈಬಿಡಲಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮೀಸಲು ಸ್ಥಾನಗಳು, ಆಂಗ್ಲೋ ಇಂಡಿಯನ್ನರಿಗೆ ನಾಮಕರಣದ ಅವಕಾಶ ಉಳಿದವು. ಉಳಿದ ಅಲ್ಪಸಂಖ್ಯಾತರಿಗೆ ಸಂವಿಧಾನವು ಕೊಟ್ಟದ್ದು ಶಾಸನಸಭೆಯ ಸ್ಥಾನಗಳನ್ನಲ್ಲ, ಹಕ್ಕುಗಳನ್ನು: ಧರ್ಮವನ್ನು ಅನುಸರಿಸುವ ಸ್ವಾತಂತ್ರ್ಯ, ಭಾಷೆ ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕು, ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು. 25ನೆಯ ಅನುಚ್ಛೇದದ ವಿವರಣೆಯೊಂದರಲ್ಲಿ ಹಿಂದೂ ಎಂಬ ಪದದ ವ್ಯಾಪ್ತಿಯಲ್ಲಿ ಸಿಖ್, ಜೈನ, ಬೌದ್ಧರನ್ನು ಸೇರಿಸಿದ್ದು ಜೈನ ಸಮಾಜದಲ್ಲಿ ಕಳವಳವನ್ನುಂಟುಮಾಡಿತು. 1950ರ ಜನವರಿಯಲ್ಲಿ ಜೈನರ ನಿಯೋಗವೊಂದು ಪ್ರಧಾನಿ ನೆಹರೂ ಅವರನ್ನು ಕಂಡಿತು. ಆ ವಿವರಣೆಯು ಒಂದು ಸೀಮಿತ ಉದ್ದೇಶಕ್ಕೆ ಮಾತ್ರ ಅನ್ವಯಿಸುತ್ತದೆ, ಜೈನ ಧರ್ಮವು ಪ್ರತ್ಯೇಕ ಧರ್ಮವೆಂಬುದರಲ್ಲಿ ಸಂದೇಹವಿಲ್ಲ ಎಂಬ ಅರ್ಥದ ಉತ್ತರವು ಜನವರಿ 31ರಂದು ಪ್ರಧಾನಿಯವರ ಕಚೇರಿಯಿಂದ ಬಂದಿತು. ಬಿನ್ನಹವನ್ನು ಆಲಿಸಲಾಗಿತ್ತು, ಬರೆದೂ ಕೊಡಲಾಗಿತ್ತು. ಆದರೆ ಒಂದು ಕಾಗದಕ್ಕೆ ಕಾನೂನಿನ ಬಲವಿರುವುದಿಲ್ಲ.

ಪ್ರತ್ಯೇಕ ಸ್ಥಾನಗಳಿಲ್ಲದ ಈ ವ್ಯವಸ್ಥೆಯಲ್ಲಿ ಅಲ್ಪಸಂಖ್ಯಾತರು ಹೇಗೆ ಆರಿಸಿಬರುತ್ತಾರೆಂಬುದಕ್ಕೆ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದ ಚರಿತ್ರೆಯು ಒಳ್ಳೆಯ ಉದಾಹರಣೆ. ಈ ಕ್ಷೇತ್ರದಿಂದ ದಿವಂಗತ ಸಿ. ಕೆ. ಜಾಫರ್ ಷರೀಫ್ ಅವರು 1977ರಿಂದ 1999ರವರೆಗಿನ ಚುನಾವಣೆಗಳಲ್ಲಿ ಏಳು ಬಾರಿ ಗೆದ್ದರು. 1991ರಿಂದ 1995ರವರೆಗೆ ಕೇಂದ್ರದ ರೈಲ್ವೆ ಮಂತ್ರಿಗಳಾಗಿದ್ದರು. ಮುಸಲ್ಮಾನರು ಬಹುಸಂಖ್ಯಾತರಾಗಿರದ ಕ್ಷೇತ್ರದ ಮತದಾರರು ಅವರನ್ನು ಮತ್ತೆ ಮತ್ತೆ ಆರಿಸಿದರು. 2004ರಲ್ಲಿ ಅವರನ್ನು ಸೋಲಿಸಿದವರು ಎಚ್. ಟಿ. ಸಾಂಗ್ಲಿಯಾನ ಅವರು. ದೂರದ ಮಿಜೋರಾಂನಲ್ಲಿ ಹುಟ್ಟಿ, ಕರ್ನಾಟಕದ ಪೊಲೀಸ್ ಸೇವೆಯಲ್ಲಿ ಹೆಸರಾಗಿ, ತಮ್ಮ ಹೆಸರಿನ ಕನ್ನಡ ಚಲನಚಿತ್ರಗಳಿಂದ ಮನೆಮಾತಾಗಿದ್ದ ಅವರು ಮಿಜೋ ಜನಾಂಗದ ಕ್ರೈಸ್ತರು. ಅವರ ಜನಾಂಗದ ಮತಗಳನ್ನು ಎಣಿಸಿದ್ದರೆ ಈ ಕ್ಷೇತ್ರದಲ್ಲಿ ಠೇವಣಿಯೂ ಉಳಿಯುತ್ತಿರಲಿಲ್ಲ. ಜನಾಂಗವನ್ನೂ ಧರ್ಮವನ್ನೂ ನೋಡದೆ ಒಬ್ಬ ಅಧಿಕಾರಿಯ ಕೀರ್ತಿಯನ್ನೂ ಒಂದು ಪಕ್ಷದ ಚಿಹ್ನೆಯನ್ನೂ ನೋಡಿ ಮತದಾರರು ಮತ ನೀಡಿದರು. ಇದು ನಾಡಿನ ಔದಾರ್ಯಕ್ಕೆ ಸಾಕ್ಷಿಯೆಂದು ಹೇಳಲು ಅಡ್ಡಿಯಿಲ್ಲ.

ಆದರೆ ಅಲ್ಪಸಂಖ್ಯಾತನೊಬ್ಬನು ಆರಿಸಿಬರುವುದೂ ಅಲ್ಪಸಂಖ್ಯಾತರ ಅಭಿಪ್ರಾಯವು ಸರ್ಕಾರವನ್ನು ಮುಟ್ಟುವುದೂ ಒಂದೇ ಅಲ್ಲ. ಆರಿಸಿಬಂದವನು ತನ್ನ ಕ್ಷೇತ್ರದ ಎಲ್ಲರಿಗೂ ಉತ್ತರ ಹೇಳಬೇಕು, ಪಕ್ಷದ ಆದೇಶಕ್ಕೂ ತಲೆಬಾಗಬೇಕು. 2008ರ ಜುಲೈ ತಿಂಗಳ ವಿಶ್ವಾಸಮತದಲ್ಲಿ ಪಕ್ಷದ ನಿಲುವಿಗೆ ವಿರುದ್ಧವಾಗಿ ಮತ ನೀಡಿದ ಸಾಂಗ್ಲಿಯಾನ ಅವರನ್ನು ಅವರ ಪಕ್ಷವು ಹೊರಹಾಕಿತು. ಮುಂದೆ 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಬೆಂಗಳೂರಿನಿಂದ ರೈಲುಗಳಲ್ಲಿ ಊರಿಗೆ ಹೊರಟುಹೋದರು. ಎಂಟು ವರ್ಷಗಳ ಹಿಂದೆ ಮಿಜೋ ಅಧಿಕಾರಿಯೊಬ್ಬರನ್ನು ಲೋಕಸಭೆಗೆ ಕಳುಹಿಸಿದ್ದ ನಗರದಲ್ಲಿಯೇ ಇದು ನಡೆಯಿತು. ಒಬ್ಬ ವ್ಯಕ್ತಿಯ ಗೆಲುವಿನಿಂದ ಒಂದು ಜನವರ್ಗಕ್ಕೆ ಭದ್ರತೆಯು ತಾನಾಗಿಯೇ ಬಾರದೆಂಬುದನ್ನು ಈ ಪ್ರಸಂಗವು ತೋರಿಸಿಕೊಟ್ಟಿತು.

ಈ ದೃಷ್ಟಿಯಿಂದ ಜೈನರ ಸ್ಥಿತಿಯನ್ನು ನೋಡಬಹುದು. ಮೂಡುಬಿದಿರೆಯಿಂದ ಅಭಯಚಂದ್ರ ಜೈನ್ ಅವರು 1999ರಿಂದ 2013ರವರೆಗಿನ ನಾಲ್ಕು ಚುನಾವಣೆಗಳಲ್ಲಿ ಗೆದ್ದು, 2013ರಲ್ಲಿ ರಚಿತವಾದ ಸರ್ಕಾರದಲ್ಲಿ ಮಂತ್ರಿಗಳಾದರು. ಹಿರಿಯೂರಿನಿಂದ ಗೆದ್ದ ಡಿ. ಸುಧಾಕರ್ ಅವರು 2023ರಲ್ಲಿ ಮಂತ್ರಿಮಂಡಲವನ್ನು ಸೇರಿದರು. ಜೈನೇತರ ಮತದಾರರ ವಿಶ್ವಾಸವೇ ಈ ಗೆಲುವುಗಳಿಗೆ ಮೂಲ. ಬೆಂಗಳೂರಿನ ಉತ್ತರ ಭಾಗದಲ್ಲಿಯಾದರೋ ಜೈನ ಕುಟುಂಬಗಳು ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್. ಟಿ. ನಗರಗಳಲ್ಲಿ ಚದುರಿ ನೆಲೆಸಿವೆ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ವಿಂಗಡಣೆಯಂತೆ ಹೆಬ್ಬಾಳ ಮತ್ತು ಯಶವಂತಪುರ ವಿಧಾನಸಭಾ ಕ್ಷೇತ್ರಗಳು ಬೆಂಗಳೂರು ಉತ್ತರಕ್ಕೆ ಸೇರಿದರೆ, ಯಲಹಂಕವು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿತು. ಹೀಗೆ ನೆರೆಯ ಬಡಾವಣೆಗಳಲ್ಲಿರುವ ಬಂಧುಗಳು ಬೇರೆ ಬೇರೆ ಕ್ಷೇತ್ರಗಳ ಮತದಾರರು. ಒಂದೆಡೆ ಒತ್ತಾಗಿರುವ ಅಲ್ಪಸಂಖ್ಯಾತರಿಗೆ ಒಂದೆರಡು ಸ್ಥಾನಗಳಾದರೂ ದೊರೆತಾವು. ಎಲ್ಲೆಡೆ ಚದುರಿದವರಿಗೆ ಎಲ್ಲಿಯೂ ದೊರೆಯುವುದಿಲ್ಲ. ಇದು ಯಾರ ದ್ವೇಷದಿಂದಲೂ ಆದದ್ದಲ್ಲ. ನೆಲವನ್ನು ಆಧರಿಸಿದ ಚುನಾವಣಾ ಪದ್ಧತಿಯ ಸಹಜ ಫಲ.

ನಾಮಕರಣದಿಂದ ಈ ಕೊರತೆಯು ತುಂಬೀತೇ? 2022ರ ಜುಲೈನಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದ್ದು ಸಮಾಜಕ್ಕೆ ಹರ್ಷ ತಂದ ಸಂಗತಿ. ಆದರೆ ಆ ಗೌರವವು ಅವರ ಲೋಕಸೇವೆಗೆ ಸಂದದ್ದೇ ಹೊರತು ಜೈನರಿಗಾಗಿ ತೆಗೆದಿರಿಸಿದ ಸ್ಥಾನವಲ್ಲ. ತೆಗೆದಿರಿಸಿದ ಸ್ಥಾನಗಳೂ ಶಾಶ್ವತವಲ್ಲ. ಕರ್ನಾಟಕ ವಿಧಾನಸಭೆಯಲ್ಲಿ 224 ಚುನಾಯಿತ ಸದಸ್ಯರ ಜೊತೆಗೆ ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬ ನಾಮಕೃತ ಸದಸ್ಯರಿರುತ್ತಿದ್ದರು. ಸಂವಿಧಾನದ 104ನೆಯ ತಿದ್ದುಪಡಿಯೊಡನೆ 2020ರ ಜನವರಿಯಲ್ಲಿ ಆ ಅವಕಾಶವು ಮುಗಿಯಿತು. ಏಳು ದಶಕ ನಡೆದುಬಂದ ಪದ್ಧತಿಯನ್ನು ಕೊನೆಗಾಣಿಸುವುದು ಬೇಡವೆಂದು ತಡೆಯುವಷ್ಟು ಮತಬಲವು ಆ ಪುಟ್ಟ ಸಮುದಾಯಕ್ಕಿರಲಿಲ್ಲ.

ಆದುದರಿಂದ ಸಣ್ಣ ಸಮಾಜಗಳಿಗೆ ಕಾನೂನಿನ ಮಾನ್ಯತೆಯೇ ಮುಖ್ಯ ಆಸರೆಯಾಗುತ್ತದೆ. ಅದನ್ನು ಪಡೆಯಲು ಜೈನರು ಎಷ್ಟು ಕಾಲ ಕಾಯಬೇಕಾಯಿತೆಂಬುದು ಇತ್ತೀಚಿನ ಚರಿತ್ರೆ. ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಅಧಿನಿಯಮವು 1992ರಲ್ಲಿ ಬಂದಿತು. 1993ರ ಅಕ್ಟೋಬರ್ 23ರ ಅಧಿಸೂಚನೆಯಲ್ಲಿ ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ ಎಂಬ ಐದು ಸಮುದಾಯಗಳ ಹೆಸರುಗಳಿದ್ದವು, ಜೈನರ ಹೆಸರಿರಲಿಲ್ಲ. ಮರುವರ್ಷವೇ ಆಯೋಗವು ಜೈನರನ್ನು ಸೇರಿಸಬೇಕೆಂದು ಶಿಫಾರಸು ಮಾಡಿತಾದರೂ ಕಾರ್ಯಗತವಾಗಲಿಲ್ಲ. ಬಾಳ್ ಪಾಟೀಲ್ ಮತ್ತಿತರರ ಅರ್ಜಿಯ ಮೇಲೆ 2005ರ ಆಗಸ್ಟ್‌ನಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು ಅಂಥ ಆದೇಶವನ್ನು ಕೊಡಲು ಒಪ್ಪಲಿಲ್ಲ. ಅಲ್ಪಸಂಖ್ಯಾತರ ಪಟ್ಟಿಯನ್ನು ಬೆಳೆಸುವುದಕ್ಕಿಂತ ಅಂಥ ಪಟ್ಟಿಯೇ ಕ್ರಮೇಣ ಬೇಡವಾಗುವ ಸಾಮಾಜಿಕ ಸ್ಥಿತಿಯನ್ನು ತರಬೇಕೆಂದು ಅಭಿಪ್ರಾಯಪಟ್ಟಿತು. ಈ ಆಶಯವು ಉದಾತ್ತವಾದದ್ದು. ಆದರೆ ಐವರ ಹೆಸರು ಪಟ್ಟಿಯಲ್ಲಿರುವಾಗ ಆರನೆಯವರಿಗೆ ಮಾತ್ರ ಆ ಉಪದೇಶವು ಅನ್ವಯಿಸುವುದು ಸಮಾನತೆಯಾಗದೆಂಬ ವಾದವೂ ತಳ್ಳಿಹಾಕುವಂಥದಲ್ಲ. ಕೊನೆಗೆ 2014ರ ಜನವರಿ 27ರ ಅಧಿಸೂಚನೆಯಿಂದ ಜೈನರು ರಾಷ್ಟ್ರಮಟ್ಟದಲ್ಲಿ ಆರನೆಯ ಅಲ್ಪಸಂಖ್ಯಾತ ಸಮುದಾಯವೆಂದು ಮಾನ್ಯರಾದರು. ಒಂದು ಹೆಸರನ್ನು ಪಟ್ಟಿಗೆ ಸೇರಿಸಲು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಹಿಡಿಯಿತು. ದೊಡ್ಡ ಸಂಖ್ಯೆಯ ಸಮುದಾಯವೊಂದರ ಬೇಡಿಕೆಯನ್ನು ಯಾವ ಸರ್ಕಾರವೂ ಇಷ್ಟು ಕಾಲ ನಿಶ್ಚಿಂತೆಯಿಂದ ಬದಿಗಿಡಲಾರದು.

ಮಾನ್ಯತೆಯ ಒಳಗೂ ಸಮಾನತೆಯ ಪ್ರಶ್ನೆಯಿದೆ. ಕರ್ನಾಟಕ ಸರ್ಕಾರದ 2002ರ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಬಿ ಪ್ರವರ್ಗಕ್ಕೆ ಸೇರಿದವರು ದಿಗಂಬರ ಜೈನರು. ಹಾಸನ, ತುಮಕೂರು, ಬೆಳಗಾವಿ, ದಕ್ಷಿಣ ಕನ್ನಡಗಳ ಬೇಸಾಯಗಾರ ಜೈನ ಕುಟುಂಬಗಳ ಸ್ಥಿತಿಗೂ ನಗರಗಳ ವರ್ತಕ ಕುಟುಂಬಗಳ ಸ್ಥಿತಿಗೂ ಇರುವ ಅಂತರವನ್ನು ಬಲ್ಲವರಿಗೆ ಇದರ ಔಚಿತ್ಯವು ತಿಳಿಯುತ್ತದೆ. ರಾಜಸ್ಥಾನ ಗುಜರಾತುಗಳಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಶ್ವೇತಾಂಬರ ಬಂಧುಗಳ ಕಷ್ಟಸುಖಗಳು ಬೇರೆ, ಹೊಲವನ್ನು ನಂಬಿದ ಶ್ರಾವಕನ ಕಷ್ಟಸುಖಗಳು ಬೇರೆ. ಜೈನರೆಂದರೆ ಸಿರಿವಂತರೆಂಬ ಸಾಮಾನ್ಯ ಭಾವನೆಯಿಂದ ಈ ಬಡವರ ಮಾತು ಸರ್ಕಾರದ ಕಿವಿಗೆ ಬೀಳುವುದು ಕಷ್ಟವಾಗುತ್ತದೆ. ಸಮಾಜದ ಪರವಾಗಿ ಮಾತನಾಡುವ ಸಂಸ್ಥೆಗಳಲ್ಲಿ ಹಳ್ಳಿಯ ಬಸದಿಯ ಪುರೋಹಿತರಿಗೂ ಬಡ ರೈತನಿಗೂ ವಿದ್ಯಾವಂತ ಮಹಿಳೆಯರಿಗೂ ಸ್ಥಾನವಿಲ್ಲದಿದ್ದರೆ, ಹೊರಗೆ ಕೇಳುವ ಸಮಾನತೆಯನ್ನು ಒಳಗೆ ನಿರಾಕರಿಸಿದಂತಾಗುತ್ತದೆ.

1368ರಿಂದ ಇಂದಿನವರೆಗಿನ ಈ ಚರಿತ್ರೆಯು ಕೆಲವು ಕರ್ತವ್ಯಗಳನ್ನು ಸೂಚಿಸುತ್ತದೆ. ಮೊದಲನೆಯದು ಎಣಿಕೆ. 2001ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆಯ ಶೇಕಡಾ 0.78ರಷ್ಟಿದ್ದ ಜೈನರ ಪಾಲು 2011ರಲ್ಲಿ 0.72ಕ್ಕೆ ಇಳಿದಿದೆ. ಬರೆಯಿಸದೆ ಬಿಟ್ಟ ಹೆಸರನ್ನು ಯಾವ ಆಯೋಗವೂ ಹುಡುಕಿಕೊಂಡು ಬರುವುದಿಲ್ಲ; ಆದುದರಿಂದ ಮುಂದಿನ ಗಣತಿಯಲ್ಲಿ ಪ್ರತಿ ಮನೆಯವರೂ ಧರ್ಮದ ಅಂಕಣದಲ್ಲಿ ಜೈನ ಎಂದು ಸ್ಪಷ್ಟವಾಗಿ ಬರೆಯಿಸುವುದು ಅಗತ್ಯ. ಎರಡನೆಯದು ಒಕ್ಕಟ್ಟಿನ ಬಿನ್ನಹ. ಆನೆಗೊಂದಿಯಿಂದ ಕಲ್ಯದವರೆಗಿನವರು ಕಾಲ್ನಡಿಗೆಯ ಕಾಲದಲ್ಲಿ ಒಂದಾಗಿ ಅರಸನಲ್ಲಿಗೆ ಹೋಗಬಲ್ಲವರಾದರೆ, ಯಲಹಂಕ ಯಶವಂತಪುರಗಳ ನಡುವಿನ ದೂರವಾಗಲಿ, ದಿಗಂಬರ ಶ್ವೇತಾಂಬರ ಭೇದವಾಗಲಿ ಇಂದು ಅಡ್ಡಿಯಾಗಬೇಕಾಗಿಲ್ಲ. ಮೂರನೆಯದು ಲೋಕದ ಕೆಲಸ. ಜೈನೇತರರ ಮತದಿಂದ ಆರಿಸಿಬಂದವರೆಲ್ಲರೂ ಮೊದಲು ಊರಿನ ನೀರು, ದಾರಿ, ಶಾಲೆಗಳ ಕೆಲಸದಲ್ಲಿ ವಿಶ್ವಾಸ ಗಳಿಸಿದವರು.

ನಾಲ್ಕನೆಯದು ತಮಗಿಂತ ಚಿಕ್ಕವರ ಬಗೆಗಿನ ಹೊಣೆ. ಕರ್ನಾಟಕದಲ್ಲಿ ಜೈನರಿಗಿಂತಲೂ ಕಡಿಮೆ ಸಂಖ್ಯೆಯ ಸಮುದಾಯಗಳಿವೆ. ಆಯೋಗದ ಬಾಗಿಲನ್ನೂ ಕಾಣದ ಅಲೆಮಾರಿ ಜನರಿದ್ದಾರೆ, ನಗರಕ್ಕೆ ದುಡಿಮೆಗಾಗಿ ಬಂದು ಇಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದ ದೂರದ ರಾಜ್ಯಗಳವರಿದ್ದಾರೆ. ಮಾನ್ಯತೆಗಾಗಿ ಇಪ್ಪತ್ತು ವರ್ಷ ಕಾದ ಸಮಾಜಕ್ಕೆ ಅವರ ಕಾಯುವಿಕೆಯ ಅರ್ಥವು ಬೇರೆಯವರಿಗಿಂತ ಬೇಗ ತಿಳಿಯಬೇಕು. ಬುಕ್ಕರಾಯನ ಸಭೆಯಲ್ಲಿ ಜೈನರ ಕೈಯನ್ನು ಬಲವುಳ್ಳವರ ಕೈಯಲ್ಲಿ ಇರಿಸಲಾಯಿತು. ಇಂದು ಜೈನ ಸಮಾಜದಲ್ಲಿಯೂ ವಿದ್ಯೆ, ಧನ, ಸಂಸ್ಥೆಗಳ ಬಲವುಳ್ಳವರು ಬೇಕಾದಷ್ಟು ಮಂದಿಯಿದ್ದಾರೆ. ಅವರ ಕೈಗೆ ಒಪ್ಪಿಸಬೇಕಾದ ಕೈಗಳು ಇನ್ನೂ ಅನೇಕವಿವೆ.